ಪೊಸ್ತೊಯ್ನಾದ ಮನುಷ್ಯಮೀನು

ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದವಳು ನಾನು. ನಮ್ಮ ಪ್ರಯೋಗಾಲಯದ ಬೀರುವಿನಲ್ಲಿ ಫಾರ್ಮಾಲಿನ್ ತುಂಬಿದ ಜಾಡಿಯೊಂದರೊಳಗೆ ಪ್ರೋಟಿಯಸ್ ಎಂಬ ಬಿಳಿಚಿದ ಸ್ಯಾಲಮ್ಯಾಂಡರ್ ಇತ್ತು. ಅದನ್ನು ಎತ್ತಿ ತೋರಿಸುತ್ತ ಪ್ರತಿವರ್ಷ ಒಂದೇ ಮಾತು ಹೇಳುತ್ತಿದ್ದೆ: "ಕತ್ತಲೆಯಲ್ಲಿ ಬಾಳಿ ಕಣ್ಣು ಕಳೆದುಕೊಂಡ ಪ್ರಾಣಿ."

ನಿವೃತ್ತಿಯಾದ ಮೇಲೆ ಸ್ಲೊವೇನಿಯಾದ ಪೊಸ್ತೊಯ್ನಾ ಗುಹೆಯಲ್ಲಿ, ಮಬ್ಬು ಬೆಳಕಿನ ತೊಟ್ಟಿಯ ಮುಂದೆ ನಿಂತು ಅದನ್ನು ಜೀವಂತ ಕಂಡೆ. ಗೇಣುದ್ದದ ಮೈ. ಎಳೆಗೂಸಿನ ಚರ್ಮದ ಬಣ್ಣ. ಕತ್ತಿನ ಎರಡೂ ಬದಿಗೆ ಕೆಂಪು ಕುಚ್ಚಿನಂಥ ಕಿವಿರು. ಮುಂಗಾಲಿಗೆ ಮೂರು ಬೆರಳು, ಹಿಂಗಾಲಿಗೆ ಎರಡೇ. ಅಲ್ಲಿಯ ಜನ ಇದನ್ನು 'ಮನುಷ್ಯಮೀನು' ಎನ್ನುವುದು ಆ ಬಣ್ಣಕ್ಕೇ. ಜಾಡಿಯಲ್ಲಿದ್ದದ್ದಕ್ಕೆ ಆ ಬಣ್ಣವಿರಲಿಲ್ಲ.

ಆ ಸೀಮೆಯ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಕಲ್ಲನ್ನು ಕರಗಿಸಿ ನೆಲದೊಳಗೇ ಹೊಳೆ ಹರಿಸುತ್ತದೆ. ಜೋರು ಮಳೆಗೆ ಆ ಹೊಳೆ ಉಕ್ಕಿದಾಗ ಈ ಪ್ರಾಣಿಗಳು ಬುಗ್ಗೆಗಳಿಂದ ಹೊರಗೆ ಬಂದು ಬೀಳುತ್ತಿದ್ದವು. ಒಳಗೆಲ್ಲೋ ಡ್ರ್ಯಾಗನ್ ಇದೆ, ಇವು ಅದರ ಮರಿಗಳು ಎಂದು ಹಳ್ಳಿಯವರು ನಂಬಿದ್ದರು. 1689ರಲ್ಲಿ ವಲ್ವಸೋರ್ ತನ್ನ ನಾಡಾದ ಕಾರ್ನಿಯೋಲಾದ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಈ ನಂಬಿಕೆಯನ್ನು ದಾಖಲಿಸಿದ. ಡ್ರ್ಯಾಗನ್ ಸುಳ್ಳಿರಬಹುದು, ಮರಿ ಎಂದದ್ದು ಸುಳ್ಳಲ್ಲ. ಈ ಸ್ಯಾಲಮ್ಯಾಂಡರ್ ಮರಿಗಾಲದ ಕಿವಿರನ್ನು ಕೊನೆವರೆಗೂ ಬಿಡುವುದಿಲ್ಲ. ಗೊದಮೊಟ್ಟೆ ಕಪ್ಪೆಯಾಗದೆ ಹಾಗೆಯೇ ಮುಪ್ಪಾದಂತೆ. ಹಳ್ಳಿಯವರು ಚೆನ್ನಾಗಿಯೇ ನೋಡಿದ್ದರು.

1768ರಲ್ಲಿ ವಿಯೆನ್ನಾದ ಲೌರೆಂಟಿ ಇದಕ್ಕೆ ಪ್ರೋಟಿಯಸ್ ಆಂಗ್ವಿನಸ್ ಎಂದು ಹೆಸರಿಟ್ಟ. ಅಲ್ಲಿಂದ ಇದರ ಕಷ್ಟ ಶುರು. ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರಿಗೂ ಸಂಗ್ರಹಕಾರರಿಗೂ ಪ್ರವಾಸಿಗಳಿಗೂ ಹಿಡಿದು ಹಿಡಿದು ಮಾರಿದರು. 1922ರಲ್ಲಿ ಕಾನೂನಿನ ರಕ್ಷಣೆ ಬಂದರೂ ಕಳ್ಳವ್ಯಾಪಾರ ನಿಲ್ಲಲಿಲ್ಲ. ನಮ್ಮ ಜಾಡಿಯದ್ದು ಯಾವ ಹೊಳೆಯದ್ದೋ ಎಂದು ಒಂದು ದಿನವೂ ನಾನು ಕೇಳಿಕೊಳ್ಳಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ.

ಇನ್ನು ಕಣ್ಣಿನ ವಿಚಾರ. ಗುಹೆಯ ಜೀವಿಗಳ ಕಣ್ಣು ಬಳಕೆಯಿಲ್ಲದೆ ನಶಿಸಿತು ಎಂದು 1859ರಲ್ಲಿ ಡಾರ್ವಿನ್ ಬರೆದ. ನನ್ನ ಪಾಠದ ಮಾತಿನ ಬೇರು ಅದೇ. ಆದರೆ ಮೊಟ್ಟೆಯೊಡೆದು ಬರುವ ಪ್ರೋಟಿಯಸ್ ಮರಿಗೆ ಕಣ್ಣಿರುತ್ತದೆ! ಉಳಿದ ಸ್ಯಾಲಮ್ಯಾಂಡರ್ ಮರಿಗಳಂತೆಯೇ ಮೂಡಲು ತೊಡಗಿದ ಕಣ್ಣಿನ ಬೆಳವಣಿಗೆ ಕೆಲವೇ ತಿಂಗಳಲ್ಲಿ ನಿಂತು, ಮೇಲೆ ಚರ್ಮ ಮುಚ್ಚಿ, ಒಳಗೇ ಕ್ಷೀಣಿಸುತ್ತದೆ. ಹಿರಿಯರ ಕಾಲದಲ್ಲಿ ಒಮ್ಮೆ ಕಳೆದು ಮುಗಿದ ವಸ್ತುವಲ್ಲ ಅದು. ಪ್ರತಿ ಮರಿಯೂ ಹೊಸದಾಗಿ ಕಟ್ಟಲು ಹೊರಟು ಕೈಬಿಡುವ ಕೆಲಸ. ಕಣ್ಣು ಮುಚ್ಚಿದರೂ ಬೆಳಕು ಬಿದ್ದದ್ದು ಚರ್ಮಕ್ಕೇ ತಿಳಿಯುತ್ತದೆ. ನೀರಿನ ವಾಸನೆ, ರುಚಿ, ಸಣ್ಣ ಅಲುಗಾಟ, ಬೇರೆ ಜೀವಿಗಳ ಮೈಯಿಂದ ಹೊಮ್ಮುವ ನವಿರಾದ ವಿದ್ಯುತ್ತು, ಇವೆಲ್ಲ ಅದರ ಅರಿವಿಗೆ ಬರುತ್ತವೆ. ಬೇಟೆ ಸಿಗದಿದ್ದರೆ ವರ್ಷಗಟ್ಟಲೆ ಉಪವಾಸವಿರಬಲ್ಲದು. 1986ರಲ್ಲಿ ಬೇಲಾ ಕ್ರಾಯಿನಾ ಎಂಬಲ್ಲಿ ಇದೇ ಪ್ರಾಣಿಯ ಕಪ್ಪು ಬಳಗವೊಂದು ಸಿಕ್ಕಿತು. ಅದರ ಕಣ್ಣು ಪುಟ್ಟದಾದರೂ ಇಷ್ಟು ಕ್ಷೀಣಿಸಿಲ್ಲ.

ಇದರ ಆಯುಸ್ಸಿನ ಲೆಕ್ಕ ಸಿಕ್ಕಿದ್ದು ಫ್ರಾನ್ಸಿನ ಮೂಲಿಸ್‌ನ ಗುಹೆಯಲ್ಲಿ. ಅಲ್ಲಿ 1950ರ ದಶಕದಿಂದ ಸಾಕಿದ ಪ್ರೋಟಿಯಸ್‌ಗಳ ದಾಖಲೆಯಿಟ್ಟುಕೊಂಡು, ನೂರು ವರ್ಷವನ್ನೂ ಮೀರಬಲ್ಲದೆಂದು 2010ರಲ್ಲಿ ಅಂದಾಜಿಸಿದರು. ಮೊಟ್ಟೆಯಿಡುವುದು ಸರಾಸರಿ ಹನ್ನೆರಡೂವರೆ ವರ್ಷಕ್ಕೊಮ್ಮೆ.

ನಾನು ನಿಂತಿದ್ದ ಪೊಸ್ತೊಯ್ನಾದಲ್ಲೇ 2016ರ ಜನವರಿಯ ಕೊನೆಯಲ್ಲಿ ಒಂದು ತಾಯಿ ಮೊಟ್ಟೆಯಿಡಲು ತೊಡಗಿತು. ಒಟ್ಟು 64. ತೊಟ್ಟಿಗೆ ಪರದೆ ಕಟ್ಟಿ, ದೀಪ ಆರಿಸಿ, ಕತ್ತಲಲ್ಲೂ ಕಾಣುವ ಕ್ಯಾಮೆರಾ ಇಟ್ಟು ಕಾದರು. ನಾಲ್ಕು ತಿಂಗಳ ಮೇಲೆ, ಮೇ 30ರಂದು, ಮೊದಲ ಮರಿ ಮೊಟ್ಟೆಯೊಡೆದು ಬಂತು. ಆ ಮರಿಗಳಿಗೂ ಕಣ್ಣಿತ್ತು.