ನಿಧಾನವೆಂಬ ದೂರು: ‘ಸೀರಿಯಲ್’ ಪಾಡ್‌ಕಾಸ್ಟ್ ಕುರಿತು ಒಂದು ಟಿಪ್ಪಣಿ

‘ಸುಮ್ಮನೆ ಎಳೆಯುತ್ತಾರೆ’ ಎಂಬುದು ನೈಜ ಅಪರಾಧದ ಪಾಡ್‌ಕಾಸ್ಟ್‌ಗಳ ಬಗ್ಗೆ ಕೇಳುಗರ ಹಳೆಯ ದೂರು. ಅದರಲ್ಲಿ ಎರಡು ಬಗೆಯ ನಿಧಾನ ಬೆರೆತಿದೆ. ಒಂದು, ಸಾಕ್ಷ್ಯ ತೂಗಲು ಹಿಡಿಯುವ ಹೊತ್ತು. ಇನ್ನೊಂದು, ಗೊತ್ತಿದ್ದುದನ್ನು ತಡೆದಿಟ್ಟು ಕಾಯಿಸುವುದು. ಸಾರಾ ಕೇನಿಗ್ ನಿರೂಪಿಸಿದ ‘ಸೀರಿಯಲ್’ನ ಮೊದಲ ಸರಣಿಯಲ್ಲಿ (2014, 12 ಕಂತು) ಎರಡೂ ಇವೆ.

ಬಾಲ್ಟಿಮೋರ್ ಬಳಿಯ ವುಡ್‌ಲಾನ್ ಹೈಸ್ಕೂಲಿನ ವಿದ್ಯಾರ್ಥಿನಿ ಹೇ ಮಿನ್ ಲೀ ಕಾಣೆಯಾದದ್ದು 1999ರ ಜನವರಿ 13ರಂದು. ಆಕೆಯ ಕೊಲೆಗಾಗಿ ಮಾಜಿ ಗೆಳೆಯ ಅದ್ನಾನ್ ಸೈಯದ್‌ಗೆ 2000ದಲ್ಲಿ ಜೀವಾವಧಿ ಶಿಕ್ಷೆಯಾಯಿತು. ಲೀ ಕಾಣೆಯಾದ ದಿನ ಶಾಲೆ ಬಿಟ್ಟದ್ದು ಮಧ್ಯಾಹ್ನ 2.15ಕ್ಕೆ, 2.36ರ ಫೋನ್ ಕರೆಯ ಹೊತ್ತಿಗೆ ಕೊಲೆ ಮುಗಿದಿತ್ತು ಎಂಬುದು ಸರ್ಕಾರಿ ವಕೀಲರ ವಾದ. ಐದನೆಯ ಕಂತಿನಲ್ಲಿ ಕೇನಿಗ್ ಮತ್ತು ನಿರ್ಮಾಪಕಿ ಡೇನಾ ಚಿವಿಸ್ ಶಾಲೆಯಿಂದ, ಕೊಲೆ ನಡೆದ ಸ್ಥಳವೆನ್ನಲಾದ ಬೆಸ್ಟ್ ಬೈ ಅಂಗಡಿಯವರೆಗೆ ಕಾರಿನಲ್ಲಿ ಹೋಗಿ ಆ 21 ನಿಮಿಷಗಳನ್ನು ಅಳೆಯುತ್ತಾರೆ. ದಾರಿಯಲ್ಲಿ ಚಿವಿಸ್ ಸಿಗಡಿಯ ರಿಯಾಯಿತಿ ಮಾರಾಟವೊಂದನ್ನು ಕಂಡು ಹೇಳುತ್ತಾರೆ. ಇಂಥದ್ದು ಕೆಲವರಿಗೆ ಹರಟೆ. ನನಗಂತೂ ಇದು ಸರಣಿಯ ಅತ್ಯಂತ ಪ್ರಾಮಾಣಿಕ ಭಾಗ. 21 ನಿಮಿಷ ಎಷ್ಟು ಕಿರಿದು ಎಂಬುದು ಅಂಕಿ ಓದಿದರೆ ತಿಳಿಯದು; ಅವರೊಡನೆ ಆ ರಸ್ತೆಯಲ್ಲಿ ಸಾಗಿದರೆ ತಿಳಿಯುತ್ತದೆ. ಕಷ್ಟ, ಆದರೆ ಅಸಾಧ್ಯವಲ್ಲ ಎಂಬಲ್ಲಿಗೆ ಅವರು ಬರುತ್ತಾರೆ.

ಕೊನೆಯ ಕಂತು ತೀರ್ಪು ಕೊಡಲಿಲ್ಲವೆಂದು ಬೇಸರಪಟ್ಟವರೂ ಇದ್ದರು. ಕಂತುಗಳು ಹೊರಬರುತ್ತಿದ್ದಾಗಲೂ ಶೋಧ ಮುಂದುವರಿದಿತ್ತು. ಸಿಗದ ಉತ್ತರವನ್ನು ಸಿಕ್ಕಿತೆನ್ನದಿರುವುದು ದೋಷವಲ್ಲ.

ದೋಷ ಬೇರೆಡೆ ಇದೆ. ಮೊಕದ್ದಮೆ ಬಹುಮಟ್ಟಿಗೆ ಒಬ್ಬ ಸಾಕ್ಷಿಯ ಮಾತಿನ ಮೇಲೆ ನಿಂತಿತ್ತು. ಆತನಿಗೆ ವಕೀಲರನ್ನು ಒದಗಿಸಲು ಸ್ವತಃ ಸರ್ಕಾರಿ ವಕೀಲರೇ ನೆರವಾಗಿದ್ದರು. ವಿಚಾರಣೆಯಲ್ಲೇ ಹೊರಬಿದ್ದಿದ್ದ ಈ ಸಂಗತಿ ಕೇಳುಗರಿಗೆ ವಿವರವಾಗಿ ತಿಳಿಯುವುದು ಹತ್ತನೆಯ ಕಂತಿನಲ್ಲಿ. ಆತನ ಹೇಳಿಕೆಗಳ ಅಸಂಗತಿಯನ್ನು ನಾಲ್ಕನೆಯ ಕಂತಿನಲ್ಲೇ ಚರ್ಚಿಸಿದ್ದರಿಂದ, ಇದು ಅಲ್ಲೇ ಬರಬೇಕಿತ್ತು. ‘ಎಳೆದರು’ ಎಂಬ ದೂರು ಇಲ್ಲಿ ನ್ಯಾಯವಾದದ್ದು.

ಹೊತ್ತಿನ ಪ್ರಶ್ನೆ ಕೇಳುಗರದಷ್ಟೇ ಅಲ್ಲ. 2022ರ ಸೆಪ್ಟೆಂಬರ್ 19ರಂದು ಸೈಯದ್‌ನ ಶಿಕ್ಷೆ ರದ್ದಾದ ದಿನ, ಇದು ತನಗೆ ಪಾಡ್‌ಕಾಸ್ಟ್ ಅಲ್ಲ, ಬದುಕು ಎಂದು ಲೀಯ ಸಹೋದರ ವಿಡಿಯೊ ಮೂಲಕ ನ್ಯಾಯಾಲಯಕ್ಕೆ ಹೇಳಿದರು. ಸೋಮವಾರದ ಆ ವಿಚಾರಣೆಯ ಸೂಚನೆ ಅವರಿಗೆ ತಲುಪಿದ್ದು ಶುಕ್ರವಾರ. ಅಷ್ಟು ಕಾಲಾವಕಾಶ ಸಾಲದೆಂದು ಮೇರಿಲ್ಯಾಂಡ್ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿತು.