ಪುಸ್ತಕದ ಗಂಟು ಹೊತ್ತ ಕಾದಂಬರಿಕಾರರು

ಕಾದಂಬರಿ ಬರೆದು ಸಂಸಾರ ಸಾಗಿಸಬಹುದೆ? ಈ ಪ್ರಶ್ನೆಯನ್ನು ಇಂದಿನ ಯಾವ ಲೇಖಕರ ಮುಂದಿಟ್ಟರೂ ಅವರು ನಕ್ಕು ಸುಮ್ಮನಾಗುವರು. ಆದರೆ ನೂರು ವರುಷಗಳಿಗೂ ಹಿಂದೆ, ಅಕ್ಷರ ಬಲ್ಲವರೇ ವಿರಳವಾಗಿದ್ದ ಕಾಲದಲ್ಲಿ, ನಮ್ಮ ಹಾವೇರಿ ಸೀಮೆಯ ಒಬ್ಬ ಸಾಲಿಯ ಮಾಸ್ತರರು ಇದನ್ನು ತಮ್ಮ ಬಾಳಿನಿಂದಲೇ ಪರೀಕ್ಷಿಸಿ ನೋಡಿದರು. ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹೀಗೆಂದರೆ ನಿಮಗೆ ಗುರುತು ಹತ್ತಲಿಕ್ಕಿಲ್ಲ. ಗಳಗನಾಥರೆಂದರೆ ಕೂಡಲೆ ಹತ್ತೀತು.

ಹಾನಗಲ್ಲು, ಸವಣೂರುಗಳ ಕಡೆಯ ವಾಚಕರಿಗೆ ವರದಾ ನದಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬನವಾಸಿಯನ್ನು ಬಳಸಿ, ನಿಮ್ಮ ಹೊಲಗದ್ದೆಗಳ ಮಗ್ಗುಲಲ್ಲಿ ಹಾಯ್ದು ಬರುವ ಈ ಹೊಳೆ ತುಂಗಭದ್ರೆಯನ್ನು ಕೂಡುವುದು ಗಳಗನಾಥ ಗ್ರಾಮದ ಬಳಿ. ಗಳಗೇಶ್ವರನ ಪ್ರಾಚೀನ ಗುಡಿಯಿರುವ ಆ ಊರಲ್ಲಿ 1869ರಲ್ಲಿ ವೆಂಕಟೇಶರು ಹುಟ್ಟಿದರು. ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು ಮಾಸ್ತರಿಕೆಗೆ ಸೇರಿದರು. ಬರೆಯತೊಡಗಿದಾಗ ಮನೆತನದ ಹೆಸರನ್ನು ಬದಿಗಿಟ್ಟು ಊರಿನ ಹೆಸರನ್ನೇ ಇಟ್ಟುಕೊಂಡರು. ‘ಪ್ರಬುದ್ಧ ಪದ್ಮನಯನೆ’ ಅವರ ಆರಂಭದ ಕಾದಂಬರಿ.

ಆ ಕಾಲದ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಿರಿ. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಯಲ್ಲಿತ್ತು. ನಡುವೆ ಸವಣೂರು ನವಾಬರ ಸಂಸ್ಥಾನ ಬೇರೆ. ಅದು ವಿಲೀನವಾದದ್ದು 1948ರಲ್ಲಿ. ಕಲಿತವರ ಮನೆಗಳಲ್ಲಿ ಮರಾಠಿ ಪುಸ್ತಕಗಳಿಗೆ ಮಣೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿ ಕನ್ನಡ ಗ್ರಂಥಗಳಿಗೆ ಉತ್ತೇಜನ ಕೊಡತೊಡಗಿತ್ತು, ನಿಜ. ಆದರೆ ಹಣ ಕೊಟ್ಟು ಕನ್ನಡ ಕಥೆಯ ಪುಸ್ತಕ ಕೊಳ್ಳುವ ರೂಢಿ ಜನರಲ್ಲಿ ಇನ್ನೂ ಬಂದಿರಲಿಲ್ಲ. ಹಾಗಾಗಿ ಬರೆಯುವವರಿಗೆ ಬೇರೊಂದು ಆಧಾರ ಇರಲೇಬೇಕಾಗಿತ್ತು. ಮೈಸೂರು ಸೀಮೆಯಲ್ಲಿ ಬಂಗಾಲಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರಿಗೆ ಸರಕಾರಿ ಉದ್ಯೋಗವಿತ್ತು. ‘ಇಂದಿರೆ’ಯನ್ನು ಬರೆದ ಕೆರೂರು ವಾಸುದೇವಾಚಾರ್ಯರು ಬಾಗಲಕೋಟೆಯಲ್ಲಿ ವಕೀಲರು. ಗಳಗನಾಥರಿಗಿದ್ದ ಆಧಾರ ಮಾಸ್ತರಿಕೆಯೊಂದೇ. ಅದನ್ನೂ ಅವರು ಬಿಟ್ಟರು! ತಿಂಗಳು ತಿಂಗಳು ಕೈಗೆ ಬರುವ ಪಗಾರವನ್ನು ಬಿಡುವುದೆಂದರೆ ಮನೆಯವರಿಗೆಲ್ಲ ಏನಾಗಿರಬೇಕೆಂಬುದನ್ನು, ಸಂಸಾರಸ್ಥರಾದ ನೀವೇ ಊಹಿಸಬಲ್ಲಿರಿ.

ಹಾವೇರಿಯ ಹತ್ತಿರದ ಅಗಡಿಯಲ್ಲಿ ಶೇಷಾಚಲ ಸದ್ಗುರುಗಳ ಆನಂದವನವಿದೆ. ಅಲ್ಲಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದರ ಸಂಪಾದಕರಾದರು. ಹೆಸರಿಗೆ ಧಾರ್ಮಿಕ ಪತ್ರಿಕೆಯಾದರೂ ಜನ ಅದಕ್ಕಾಗಿ ಕಾದು ಕೂಡುತ್ತಿದ್ದುದು ಅದರಲ್ಲಿ ಬರುತ್ತಿದ್ದ ಕಾದಂಬರಿಗಾಗಿ. ಮುಂದೆ ಅವರು ಹಾವೇರಿಯಲ್ಲಿ ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು.

ಮಾಸಪತ್ರಿಕೆಯನ್ನು ನಂಬಿದ ಕಾದಂಬರಿಕಾರನ ದಿನಚರಿ ಎಂಥದೆಂಬುದನ್ನು ಇಲ್ಲಿ ತುಸು ವಿಸ್ತರಿಸಿ ಹೇಳಬೇಕು. ಇಡೀ ಕಾದಂಬರಿಯನ್ನು ಬರೆದು ಮುಗಿಸಿ, ತಿದ್ದಿ, ನಿಧಾನವಾಗಿ ಅಚ್ಚಿಗೆ ಕೊಡುವ ಸುಖ ಅವನಿಗಿಲ್ಲ. ಈ ತಿಂಗಳ ಪ್ರಕರಣ ಈ ತಿಂಗಳೇ ಸಿದ್ಧವಾಗಬೇಕು. ಮೈಯಲ್ಲಿ ಜ್ವರವಿರಲಿ, ಮನೆಯಲ್ಲಿ ಶುಭವೋ ಅಶುಭವೋ ನಡೆದಿರಲಿ. ಒಂದೊಂದೇ ಮೊಳೆ ಜೋಡಿಸಿದ ಕರಡನ್ನು ದೀಪದ ಬೆಳಕಿನಲ್ಲಿ ತಿದ್ದಬೇಕು. ಅಚ್ಚಾದ ಮೇಲೆ ಮಡಿಸಿ, ಹೊಲಿದು, ವಿಳಾಸ ಬರೆದು ಟಪಾಲಿಗೆ ಹಾಕಬೇಕು. ವರ್ಗಣಿದಾರರು ವರುಷದ ವರ್ಗಣಿಯನ್ನು ಕಳಿಸಿದರೆ ಸರಿ, ಇಲ್ಲವಾದರೆ ವ್ಹಿ.ಪಿ. ಮಾಡಬೇಕು. ವ್ಹಿ.ಪಿ. ತಿರುಗಿ ಬಂದರೆ ಹೋಗಿ ಬಂದ ಟಪಾಲು ಖರ್ಚು ಪ್ರಕಾಶಕನ ತಲೆಗೆ. 1914ರ ಮಹಾಯುದ್ಧ ಮೊದಲಾದ ಮೇಲೆ ಕಾಗದದ ಬೆಲೆ ಏರಿತು. ವರ್ಗಣಿಯನ್ನು ಅಷ್ಟೇ ಏರಿಸಿದರೆ ಓದುವವರು ಉಳಿಯುವರೆ?

ಪತ್ರಿಕೆಯಲ್ಲಿ ಬಂದ ಕಾದಂಬರಿಯನ್ನು ಪುಸ್ತಕ ಮಾಡಿದ ಮೇಲೆ ಇನ್ನೊಂದು ಕಷ್ಟ. ಪುಸ್ತಕದಂಗಡಿಗಳಿರುವುದು ದೊಡ್ಡ ಪಟ್ಟಣಗಳಲ್ಲಿ. ಓದುವವರು ಚದರಿ ಹೋಗಿರುವುದು ಹಳ್ಳಿಗಳಲ್ಲಿ. ಇದಕ್ಕೆ ಗಳಗನಾಥರು ಕಂಡುಕೊಂಡ ಉಪಾಯ ಬಲು ಸರಳವಾದದ್ದು, ಬಲು ಕಠಿಣವಾದದ್ದು. ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರಿಂದೂರಿಗೆ ನಡೆದರು. ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಹಾನಗಲ್ಲಿಗಾಗಲಿ ಹಿರೇಕೆರೂರಿಗಾಗಲಿ ರೇಲ್ವೆಯಿಲ್ಲ. ಮಳೆಗಾಲದ ಎರೆಮಣ್ಣು ಬಂಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಕಾದಂಬರಿಕಾರನ ಕಾಲನ್ನು ಬಿಟ್ಟೀತೆ? ಸವಣೂರಿನ ವೀಳ್ಯದೆಲೆ ಹೊತ್ತವನಿಗೆ ಎಲೆ ಬಾಡೀತೆಂಬ ಅಂಜಿಕೆಯಿದ್ದರೂ, ಎಲೆ ಬೇಡವೆನ್ನುವ ಮನೆ ಸಿಗುವುದು ಕಡಿಮೆ. ಪುಸ್ತಕ ಬಾಡುವುದಿಲ್ಲ, ಆದರೆ ಅದು ಬೇಕೆನ್ನುವ ಮನೆಯನ್ನು ಹುಡುಕಿಕೊಂಡೇ ಹೋಗಬೇಕು.

ಗಂಟಿನಲ್ಲಿದ್ದುದು ಏನು? ವಿಜಯನಗರದ ಪತನದ ಕಥೆಯಾದ ‘ಕನ್ನಡಿಗರ ಕರ್ಮಕಥೆ’, ವಿದ್ಯಾರಣ್ಯರನ್ನೂ ಆ ಸಾಮ್ರಾಜ್ಯದ ಸ್ಥಾಪನೆಯನ್ನೂ ಕುರಿತ ‘ಮಾಧವ ಕರುಣಾ ವಿಲಾಸ’, ‘ಕುಮುದಿನಿ’ ಮುಂತಾದವು. ‘ಕರ್ಮಕಥೆ’ಗೆ ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ ಮೂಲ. ಇದನ್ನೇ ಹಿಡಿದುಕೊಂಡು ‘ಅನುವಾದಕರು’ ಎಂದು ಮೂಗು ಮುರಿಯುವ ವಿಮರ್ಶಕರಿದ್ದಾರೆ. ಅವರ ಕಾದಂಬರಿಗಳಲ್ಲಿ ನೀತಿಬೋಧೆ ಹೆಚ್ಚು, ಕಥೆಯ ಓಟವನ್ನು ತಡೆದು ಉಪದೇಶ ಮಾಡುತ್ತಾರೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮರಾಠಿಯನ್ನು ಓದಿಯೇ ದೊಡ್ಡವರೆನಿಸಿಕೊಳ್ಳುತ್ತಿದ್ದ ನಾಡಿನಲ್ಲಿ, ವಿಜಯನಗರದ ಕಥೆಯನ್ನು ಕನ್ನಡದಲ್ಲಿಯೇ ಓದಿ ಕಣ್ಣೀರಿಡುವಂತೆ ಮಾಡಿದ್ದು ಯಾವ ಸ್ವತಂತ್ರ ಕೃತಿಗೆ ಕಡಿಮೆ? ಸಾಲಿಯ ಮೆಟ್ಟಿಲನ್ನು ಹೆಚ್ಚು ಹತ್ತದವರೂ ಅವರ ಕಾದಂಬರಿಗಾಗಿಯೇ ಓದು ರೂಢಿಸಿಕೊಂಡರೆಂಬ ಮಾತು ನಮ್ಮ ಕಡೆ ಉಳಿದು ಬಂದಿದೆ.

ಹೀಗೆ ಸಂಪಾದಿಸಿದ್ದರಿಂದ ಅವರು ಶ್ರೀಮಂತರಾಗಲಿಲ್ಲ. ಬರೆಯುವವರು, ಅಚ್ಚು ಹಾಕಿಸುವವರು, ಮಾರುವವರು ಎಲ್ಲ ತಾವೇ ಆದಾಗ ಬರೆಯುವುದಕ್ಕೆ ಉಳಿಯುವ ಹೊತ್ತೆಷ್ಟು? ಆದರೂ ಅವರ ಕಾದಂಬರಿಗಳ ಸಾಲು ಬೆಳೆಯುತ್ತಲೇ ಹೋಯಿತು.

1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಆರಂಭವಾಗಿ, ಚಂದಾದಾರರ ಮನೆಗೇ ಕಾದಂಬರಿ ಹೋಗುವ ದಾರಿಯಾಯಿತು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ‘ಸಮರಸವೇ ಜೀವನ’ದಂಥ ಹಿರಿಯ ಕಾದಂಬರಿಯನ್ನು ಬರೆದರು. ಅವರಿಗೆ ಕಾಲೇಜಿನ ಅಧ್ಯಾಪಕ ವೃತ್ತಿಯಿತ್ತು. ಗಂಟು ಹೊರುವ ಪ್ರಸಂಗ ಬರಲಿಲ್ಲ. 1950ರ ಜನವರಿಯಲ್ಲಿ ಧಾರವಾಡದ ಬಾನುಲಿ ನಿಲಯ ಪ್ರಾರಂಭವಾದ ಮೇಲಂತೂ ಕಥೆ ಓದಿದವರಿಗೆ ಸಂಭಾವನೆಯೂ ಬರತೊಡಗಿತು, ಕಥೆ ತಾನೇ ಗಾಳಿಯಲ್ಲಿ ತೇಲಿ ನಿಮ್ಮ ಮನೆಯ ನಡುಮನೆಗೆ ಬಂದಿತು.

ಅದನ್ನು ನೋಡಲು ಗಳಗನಾಥರು ಇರಲಿಲ್ಲ. 1942ರ ಏಪ್ರಿಲ್‌ನಲ್ಲಿ, ಇನ್ನೊಂದು ಮಹಾಯುದ್ಧ ನಡೆದಿದ್ದಾಗ, ಅವರು ತೀರಿಕೊಂಡರು. ‘ಕನ್ನಡಿಗರ ಕರ್ಮಕಥೆ’ ಅವರ ನಂತರವೂ ಮತ್ತೆ ಮತ್ತೆ ಅಚ್ಚಾಗಿದೆ. ನಿಮ್ಮ ಊರಿನ ವಾಚನಾಲಯದ ಕಪಾಟಿನಲ್ಲಿ ಒಂದು ಪ್ರತಿ ಇದ್ದೀತು, ಕೇಳಿ ನೋಡಿರಿ.