ಬಂಡೆ ಸಿಡಿಯುತ್ತಿದ್ದ ಆಳ: ಚಾಂಪಿಯನ್ ರೀಫ್ ಗಣಿ, ಕೆಜಿಎಫ್

ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಪ್ರತಿ ಚದರ ಮೀಟರಿನ ಮೇಲೂ 8,000 ಟನ್‌ಗೂ ಹೆಚ್ಚು ಬಂಡೆಯ ಭಾರ. ಅದಿರು ತೆಗೆದು ಟೊಳ್ಳು ಮಾಡಿದರೆ ಆ ಭಾರ ಮಾಯವಾಗುವುದಿಲ್ಲ. ಅಕ್ಕಪಕ್ಕದ ಗೋಡೆಗಳ ಮೇಲೆ ಬೀಳುತ್ತದೆ. ಮೆತ್ತನೆಯ ಕಲ್ಲಾದರೆ ಮೆಲ್ಲಗೆ ಬಾಗುತ್ತದೆ, ಬಿರುಕು ಬಿಡುತ್ತದೆ. ಕೋಲಾರದ ಗಟ್ಟಿ ಶಿಲೆ ಹಾಗಲ್ಲ: ಬಿಗಿದ ಬಿಲ್ಲಿನಂತೆ ಒತ್ತಡವನ್ನು ಹಿಡಿದಿಟ್ಟುಕೊಂಡು ಒಮ್ಮೆಲೇ ಸಿಡಿಯುತ್ತದೆ. ಗಟ್ಟಿತನವೇ ಇಲ್ಲಿ ಅಪಾಯ.

ಈ ಶಿಲಾಸ್ಫೋಟಗಳಿಗೆ ಅನೇಕ ಕಾರ್ಮಿಕರು ಬಲಿಯಾದರು. ಮೇಲೆ ಊರಿನ ಮನೆಗಳೂ ನಡುಗುತ್ತಿದ್ದವು. ಅಪಾಯ ತಗ್ಗಿಸಲು ಗಣಿಯೊಳಗಿನ ಮರದ ಆಧಾರಗಳ ಜಾಗಕ್ಕೆ ಗ್ರಾನೈಟ್ ಕಲ್ಲಿನ ಗೋಡೆಗಳು, ಆಮೇಲೆ ಕಾಂಕ್ರೀಟ್ ಬಂದವು. ಒತ್ತಡದಲ್ಲಿ ಬಂಡೆಗಳ ವರ್ತನೆಯನ್ನು ಅಧ್ಯಯನ ಮಾಡುವ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ 1988ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. 2001ರಲ್ಲಿ ಗಣಿ ಮುಚ್ಚಿದ ಮೇಲೂ, ಒಳಗೆ ನೀರು ತುಂಬುತ್ತಾ ಹೋದಂತೆ, ಸಣ್ಣ ಕಂಪನಗಳು ದಾಖಲಾದವು.